ಅಪಾರ್ ಫಾರ್ಮಿಗೆ ಸಹಿ ಮಾಡಲೇಬೇಕೇನ್ರಿ?

ಪ್ರಶ್ನೆ: ಮಗಳು ಜಮಖಂಡಿ ಕಡೆ ಶಾಲ್ಯಾಗ ಆರನೇತ್ತಾ ಓದಾಕತ್ತಾಳ್ರಿ. ಅಪಾರ್ ಅಂತ ಒಂದು ಫಾರ್ಮ್ ಕೊಟ್ಟು ಕಳಿಸ್ಯಾರ, ಅದಕ್ಕ ಆಧಾರ್ ನಂಬರ್, ಕೆಳಗ ನಮ್ಮ ಸಹಿ ಬೇಕಂತ. ನಾಳೆ ತರಲಿಲ್ಲಂದ್ರ ಹೆಸರು ತೆಗಿತೀವಿ ಅಂದಾರಂತ, ಹುಡುಗಿ ಅಳಕೋತ ಬಂದಳು. ಏನ್ ಮಾಡ್ಲಿ?
- ಒಬ್ಬ ತಾಯಿ, ಬಾಗಲಕೋಟೆ ಜಿಲ್ಲೆ

ಉತ್ತರ: ಅಕ್ಕಾರ, ಮೊದಲ ಹುಡುಗಿಗೆ ಧೈರ್ಯ ಹೇಳ್ರಿ, ಎಂಟನೇತ್ತಾ ಮುಗಿಯೂತನಕ ಹೆಸರು ತೆಗಿಯಾಕ ಶಿಕ್ಷಣ ಹಕ್ಕು ಕಾಯ್ದೆ ಬಿಡೂದಿಲ್ಲ. ಶಾಲಿಗೆ ಸೇರಾಕ ಆಧಾರ್ ಕಡ್ಡಾಯ ಅಲ್ಲ ಅಂತ 2018ರ ಸೆಪ್ಟೆಂಬರ್ 26ಕ್ಕ ಸುಪ್ರೀಂ ಕೋರ್ಟೂ ಹೇಳೈತಿ. ಮಗುಗೆ ಅಂಜಿಕಿ ಹಾಕಿ ಪಾಲಕರ ಸಹಿ ತಗೋಳೂದು ತಪ್ಪು, ಹೋಗಿ ಮುಖ್ಯ ಗುರುಗಳಿಗೆ ಸೀದಾ ಹೇಳ್ರಿ.

ಅಪಾರ್ ಅಂದ್ರ 12 ಅಂಕಿ ನಂಬರ್ರಿ, ಹುಡುಗರ ಮಾರ್ಕ್ಸು ಸರ್ಟಿಫಿಕೇಟು ಎಲ್ಲಾ ಡಿಜಿಲಾಕರಿಗೆ (ಕಾಗದಪತ್ರ ಆನ್‌ಲೈನ್‌ನ್ಯಾಗ ಇಡೂ ಸರ್ಕಾರದ ಖಾತೆ) ಜೋಡಸ್ತೈತಿ. ಕಬ್ಬು ಕಡಿಯಾಕ ಊರೂರು ತಿರಗೂ ಮಂದಿ ಮಕ್ಕಳಿಗೆ ಇದರಿಂದ ಅನುಕೂಲ ಆಗಬಹುದು, ಅದನ್ನ ಅಲ್ಲಗಳಿಯೂದಿಲ್ಲ. ಆದ್ರ ಒಪ್ಪಿಗೆ ಪತ್ರ ಅಂದಮ್ಯಾಲ ಬ್ಯಾಡ ಅನ್ನೂ ಹಕ್ಕೂ ನಿಮಗೈತಿ. ಮನಸ್ಸಿಲ್ಲಂದ್ರ "ಒಪ್ಪಿಗೆ ಇಲ್ಲ" ಅಂತ ಬರದು ತಾರೀಖು ಹಾಕಿ ಕೊಡ್ರಿ, ಒಂದು ಝೆರಾಕ್ಸ್ ಮನ್ಯಾಗ ಇಟ್ಕೋರಿ. ಮೊದಲ ಸಹಿ ಮಾಡಿದ್ರೂ ಆಮ್ಯಾಲ ವಾಪಸ್ ತಗೋಬಹುದು. ಕೊಡೂದಂದ್ರ ಶಾಲಿ ರಿಜಿಸ್ಟರ್‌ನ್ಯಾಗಿನ ಹೆಸರು, ಆಧಾರ್‌ನ್ಯಾಗಿನ ಹೆಸರು ಅಕ್ಷರ ಅಕ್ಷರ ಹೋಲಿಸಿ ನೋಡ್ರಿ, ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೂ ನಾಳೆ ಅಲೆದಾಟ ನಿಮಗ.

ಮತ್ತ ಆಧಾರ್ ಫೋಟೋ ತಗದು ಪಾಲಕರ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬ್ಯಾಡ್ರಿ, ಯಾರೇ ಕೇಳಿದ್ರೂ ಕಾಗದ ಕೈಯಾಗ ಕೊಡ್ರಿ.