ಸ್ಪೀಕರ್ ಕಾಣಬಾರದು, ಆದರೆ ಚೆನ್ನಾಗಿ ಕೇಳಬೇಕು

ಹಾಲ್‌ನಲ್ಲಿ ಒಳ್ಳೆಯ ಆಡಿಯೋ ಸಿಸ್ಟಂ ಇರಬೇಕು, ಆದರೆ ಕಣ್ಣಿಗೆ ಬೀಳಬಾರದು. ಈ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬಹುಪಾಲು ಪ್ರಶ್ನೆಗಳು ಬಂದಿರುವುದು ಮರಗೆಲಸ ಮುಗಿದು ಪಾಲಿಶ್ ಒಣಗಿದ ಮೇಲೆ. ನನಗೆ ಬೇಸರವಾಗುವುದು ಇದಕ್ಕೇ. ಕಪಾಟಿನ ಅಳತೆ ಬರೆದುಕೊಡುವ ಮೊದಲು ಕೇಳಿದ್ದರೆ ಅರ್ಧ ತೊಂದರೆ ಹುಟ್ಟುತ್ತಲೇ ಇರಲಿಲ್ಲ.  

ಪ್ರಶ್ನೆ: ಟಿವಿ ಯೂನಿಟ್‌ನಲ್ಲೇ ಎರಡು ಖಾನೆ ಮಾಡಿಸಿ, ಸ್ಪೀಕರ್ ಒಳಗಿಟ್ಟು ಪ್ಲೈವುಡ್ ಬಾಗಿಲು ಹಾಕಿಸಿದ್ದೇವೆ. ಬಾಗಿಲು ಮುಚ್ಚಿದರೆ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ತೆರೆದರೆ ಬೇಸ್ (ತಗ್ಗಿನ ದಪ್ಪ ಸದ್ದು) ಗುಂಯ್ ಅನ್ನುತ್ತದೆ. ಇನ್ನೂ ದೊಡ್ಡ ಸ್ಪೀಕರ್ ತರಬೇಕಾ?

ಬೇಡ. ದೊಡ್ಡದು ತಂದರೆ ಗುಂಯ್ ಅನ್ನುವುದೂ ದೊಡ್ಡದಾಗುತ್ತದೆ. ನಿಮ್ಮ ಸ್ಪೀಕರ್‌ನಲ್ಲಿ ತಪ್ಪಿಲ್ಲ. ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ಒಂದೊಂದಾಗಿ ನೋಡೋಣ.

ಮೊದಲು ಬಾಗಿಲು. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 100 ಸಲ ಕಂಪಿಸುವ ಬೇಸ್ ಅಲೆ ಸುಮಾರು 3.4 ಮೀಟರ್ ಉದ್ದ. ಅದು ಬಾಗಿಲನ್ನು ನಡುಗಿಸಿಕೊಂಡು, ಸಂದಿಯಲ್ಲಿ ನುಸುಳಿಕೊಂಡು ಹೇಗೋ ಹೊರಬರುತ್ತದೆ. 10,000 ಹರ್ಟ್ಸ್‌ನ ಅಲೆ ಬರೀ 3.4 ಸೆಂಟಿಮೀಟರ್. ಅದು ಪ್ಲೈವುಡ್‌ಗೆ ಬಡಿದು ಅಲ್ಲೇ ಉಳಿಯುತ್ತದೆ. ಸ, ಶ, ಚ ಇಂಥ ಅಕ್ಷರಗಳ ಜೀವ ಇರುವುದೇ ಆ ಮೇಲಿನ ಸದ್ದಿನಲ್ಲಿ. ಅದು ಹೋದರೆ ‘ಸಾಲು’ ಅಂದದ್ದು ‘ಹಾಲು’ ಅಂತ ಕೇಳುತ್ತದೆ. ಆಮೇಲೆ ವಾಲ್ಯೂಮ್ ಎಷ್ಟು ಏರಿಸಿದರೂ ಮಾತು ತಿಳಿಯುವುದಿಲ್ಲ, ಬೇಸ್ ಮಾತ್ರ ಜಾಸ್ತಿಯಾಗುತ್ತದೆ.

ಬಾಗಿಲನ್ನು ಎಸೆಯಬೇಕಾಗಿಲ್ಲ. ಚೌಕಟ್ಟು ಉಳಿಸಿ, ನಡುವಿನ ಪ್ಲೈವುಡ್ ಕತ್ತರಿಸಿ ತೆಗೆಸಿ, ಅಲ್ಲಿ ಸ್ಪೀಕರ್ ಬಟ್ಟೆ ಬಿಗಿಯಿರಿ. ಬಟ್ಟೆ ಸರಿಯಿದೆಯಾ ಅಂತ ತಿಳಿಯಲು ಬಾಯಿಗೆ ಹಿಡಿದು ಊದಿ ನೋಡಿ. ಉಸಿರು ಸಲೀಸಾಗಿ ಆಚೆ ಹೋಗಬೇಕು. ತಡೆದರೆ ಆ ಬಟ್ಟೆ ಬೇಡ. ವೆಲ್ವೆಟ್, ಸೋಫಾ ಬಟ್ಟೆ, ಎರಡು ಪದರದ ಬಟ್ಟೆ ಯಾವುದೂ ಆಗುವುದಿಲ್ಲ. ಬೆತ್ತದ ಹೆಣಿಗೆ ನೋಡಲು ಚೆಂದ, ಕಣ್ಣು ಅಗಲವಾಗಿದ್ದರೆ ನಡೆಯುತ್ತದೆ. ಮರದ ಪಟ್ಟಿಗಳನ್ನು ಮಾತ್ರ ಟ್ವೀಟರ್, ಅಂದರೆ ಸ್ಪೀಕರ್‌ನಲ್ಲಿ ಆ ಮೇಲಿನ ಸದ್ದು ಕೊಡುವ ಚಿಕ್ಕ ಭಾಗದ ಮುಂದೆ ತರಬೇಡಿ. ಪಟ್ಟಿಗೆ ಬಡಿದ ಸದ್ದು ಚೆದುರಿ, ಹಾಡಿನ ಅಂಚು ಒರಟಾಗುತ್ತದೆ. ಚೌಕಟ್ಟಿನ ಅಡ್ಡಪಟ್ಟಿಯೂ ಟ್ವೀಟರ್‌ಗೆ ಅಡ್ಡ ಬರಬಾರದು. ನಿಮಗೆ ಬಾಯಿಪಾಠವಾಗಿರುವ ಒಂದು ಹಾಡು ಹಾಕಿ, ಬಟ್ಟೆ ಇಟ್ಟು ಒಮ್ಮೆ, ತೆಗೆದು ಒಮ್ಮೆ ಕೇಳಿ. ವ್ಯತ್ಯಾಸ ಹುಡುಕಬೇಕಾಗಿ ಬಂದರೆ ಬಟ್ಟೆ ಒಳ್ಳೆಯದು ಅಂತಲೇ ಅರ್ಥ.

ಇನ್ನು ಗುಂಯ್ ಅನ್ನುವುದು. ಸ್ಪೀಕರ್ ಗೋಡೆಗೆ ಹತ್ತಿರವಾದಷ್ಟೂ ಬೇಸ್ ಏರುತ್ತದೆ, 6 ಡೆಸಿಬೆಲ್‌ವರೆಗೂ ಏರಬಹುದು. ಮೂಲೆಯಲ್ಲಿ ಇನ್ನೂ ಜಾಸ್ತಿ. ಇದರ ಜೊತೆಗೆ ಖಾನೆ ತಾನೇ ಒಂದು ಪೆಟ್ಟಿಗೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ವಾ? ಸ್ಪೀಕರ್ ಸುತ್ತ ಉಳಿದ ಗಾಳಿಯೂ ಹಾಗೇ ತನ್ನದೇ ಒಂದು ಸ್ವರ ಹಿಡಿದು ಎಳೆಯುತ್ತದೆ. ನಿಮ್ಮ ಸ್ಪೀಕರ್ ಹಿಂಬದಿಯಲ್ಲಿ ದುಂಡನೆಯ ತೂತು ಇದ್ದರೆ, ಅದರ ಬೇಸ್ ಎಲ್ಲ ನೇರ ಆ ಖಾನೆಯೊಳಕ್ಕೇ ಹೋಗುತ್ತಿದೆ.

ಮೊದಲು ಸ್ಪೀಕರನ್ನು ಮುಂದಕ್ಕೆ ಎಳೆಯಿರಿ. ಅದರ ಮುಖ ಖಾನೆಯ ಅಂಚಿಗೆ ಸಮವಾಗಿರಬೇಕು. ಒಳಗೆ ತಳ್ಳಿದರೆ ಖಾನೆಯ ಗೋಡೆಗಳು ಸದ್ದನ್ನು ವಾಪಸ್ ಎಸೆಯುತ್ತವೆ. ಸುತ್ತ ಮತ್ತು ಹಿಂದೆ ಉಳಿದ ಜಾಗಕ್ಕೆ ಬಟ್ಟೆ ಸುತ್ತಿದ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ಅಥವಾ ದಪ್ಪ ಫೋಮ್ ತುಂಬಿ. ಹಿಂದಿನ ತೂತಿಗೆ ಫೋಮ್ ಬಿರಡೆ ಹಾಕಿ. ಎಷ್ಟೋ ಸ್ಪೀಕರ್‌ಗಳ ಜೊತೆ ಇದು ಬಂದಿರುತ್ತದೆ, ಜನ ಪ್ಯಾಕೆಟ್ ಕೂಡ ಬಿಚ್ಚಿರುವುದಿಲ್ಲ. ಕೆಳಗೆ ರಬ್ಬರ್ ಪ್ಯಾಡ್ ಇಟ್ಟರೆ ಮರದ ನಡುಕ ಕಡಿಮೆಯಾಗುತ್ತದೆ. ಬೇಸ್ ಇಳಿಸುವ ಸ್ವಿಚ್ ಇದ್ದರೆ ಅದನ್ನೂ ಬಳಸಿ.

ಹೀಗೆ ಮಾಡಿದರೆ ಖಾನೆಯಿಂದ ಒಂದು ಲಾಭವೂ ಇದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ. ಸ್ಪೀಕರ್ ಮುಖ ಗೋಡೆಯಿಂದ 60 ಸೆಂಟಿಮೀಟರ್ ಮುಂದಿದ್ದರೆ, ಹಿಂದಿನ ಗೋಡೆಗೆ ಬಡಿದು ಬಂದ ಸದ್ದು ಸುಮಾರು 143 ಹರ್ಟ್ಸ್ ಹತ್ತಿರ ನೇರ ಸದ್ದನ್ನು ತಿಂದುಹಾಕುತ್ತದೆ. ಗಂಡಸರ ದನಿಯ ಗಟ್ಟಿತನ ಇರುವುದೇ ಅಲ್ಲಿ. ಮುಖ ಗೋಡೆಗೆ ಸಮವಾಗಿ ಕೂತರೆ ಈ ತೊಂದರೆಯೇ ಇಲ್ಲ. ದೊಡ್ಡ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಮುಖ್ಯ ಸ್ಪೀಕರ್‌ಗಳನ್ನು ಗೋಡೆಯೊಳಗೆ ಕೂರಿಸುವುದು ಇದಕ್ಕೇ. ಹಾಗಾಗಿ ಒಳಗೆ ಕೂರಿಸುವುದು ತಪ್ಪಲ್ಲ. ಅರೆಬರೆ ಕೂರಿಸಿ ಮುಖಕ್ಕೆ ಹಲಗೆ ಬಡಿಯುವುದು ತಪ್ಪು.

ಜಾಗದ ಬಗ್ಗೆಯೂ ಎರಡು ಮಾತು. ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕಿರಬೇಕು. ಸೋಫಾ ಮೇಲೆ ಕೂತವರಿಗೆ ಅದು ನೆಲದಿಂದ ಹೆಚ್ಚುಕಡಿಮೆ ಒಂದು ಮೀಟರ್. ಎರಡು ಸ್ಪೀಕರ್ ನಡುವಿನ ದೂರ, ಸ್ಪೀಕರ್‌ನಿಂದ ನಿಮ್ಮವರೆಗಿನ ದೂರದಷ್ಟೇ ಇದ್ದರೆ ಒಳ್ಳೆಯದು. ಯೂನಿಟ್ ಅಗಲ ಒಂದೂವರೆ ಮೀಟರ್, ಸೋಫಾ ನಾಲ್ಕು ಮೀಟರ್ ದೂರ ಅಂದರೆ ಎಡ, ಬಲ ಎರಡೂ ಒಂದಾಗಿಬಿಡುತ್ತವೆ. ಆಗ ಖಾನೆಗಳನ್ನು ಯೂನಿಟ್‌ನಿಂದ ಆಚೆಗೆ, ಗೋಡೆಯ ಎರಡೂ ತುದಿಗೆ ಒಯ್ಯಬೇಕು. ಇದನ್ನು ಕಾರ್ಪೆಂಟರ್‌ಗೆ ಮೊದಲ ದಿನವೇ ಹೇಳಿ.

ಪ್ರಶ್ನೆ: ಫಾಲ್ಸ್ ಸೀಲಿಂಗ್‌ನಲ್ಲಿ ನಾಲ್ಕು ಸ್ಪೀಕರ್ ಹಾಕಿದರೆ ಸಾಕಲ್ವಾ?

ಮನೆ ತುಂಬ ಹಿನ್ನೆಲೆ ಸಂಗೀತ ಬೇಕಿದ್ದರೆ ಸಾಕು. ಕೂತು ಹಾಡು ಕೇಳುವವರಿಗೆ ಸಾಲದು, ಗಾಯಕರು ನೆತ್ತಿಯ ಮೇಲಿಂದ ಹಾಡಿದ ಹಾಗಿರುತ್ತದೆ.

ಪ್ರಶ್ನೆ: ಗೋಡೆಯೊಳಗೆ ಎಳೆಯಲು ವಿಶೇಷ ದುಬಾರಿ ವೈರ್ ಬೇಕು, ಇಲ್ಲದಿದ್ದರೆ ಸದ್ದು ಕೆಡುತ್ತದೆ ಅನ್ನುತ್ತಾರೆ. ನಿಜವಾ?

ಸುಳ್ಳು. ಹೀಗೆ ಹೇಳುವವರನ್ನು ಮನೆಯೊಳಗೆ ಬಿಡಬೇಡಿ. 2.5 ಚದರ ಮಿಲಿಮೀಟರ್‌ನ ಮಾಮೂಲಿ ತಾಮ್ರದ ವೈರ್ 10 ಮೀಟರ್ ಎಳೆದರೆ, ಹೋಗಿ ಬರುವ ದಾರಿಯ ಒಟ್ಟು ತಡೆ ಸುಮಾರು 0.14 ಓಮ್. 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಪೂರ್ತಿ ತಾಮ್ರವೇ ಅಂತ ಮಾತ್ರ ನೋಡಿಕೊಳ್ಳಿ, ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟದ್ದೂ ಸಿಗುತ್ತದೆ. ವೈರನ್ನು ನೇರವಾಗಿ ಪ್ಲಾಸ್ಟರ್ ಒಳಗೆ ಹೂಳಬೇಡಿ, ಪೈಪ್‌ನಲ್ಲೇ ಎಳೆಸಿ. ಪಕ್ಕದಲ್ಲೇ ಇನ್ನೊಂದು ಖಾಲಿ ಪೈಪ್ ಇರಲಿ, ನಾಳೆ ಬೇಕಾಗುತ್ತದೆ. ಕರೆಂಟ್ ವೈರ್ ಇರುವ ಪೈಪ್‌ನಲ್ಲಿ ಸ್ಪೀಕರ್ ವೈರ್ ಸೇರಿಸುತ್ತೇನೆ ಅಂದವರನ್ನು ತಡೆಯಿರಿ. ಅದು ಅಪಾಯ, ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ಆಂಪ್‌ನ್ನು (ಸ್ಪೀಕರ್‌ಗೆ ಶಕ್ತಿ ಕೊಡುವ ಪೆಟ್ಟಿಗೆ) ಡ್ರಾಯರ್ ಒಳಗಿಟ್ಟು ಮುಚ್ಚಬಹುದಾ?

ಗಾಳಿಗೆ ದಾರಿ ಇಲ್ಲದೆ ಬೇಡವೇ ಬೇಡ. ನನ್ನ ಮನೆಯಲ್ಲೇ ಕಪಾಟಿನ ಹಿಂದೆ ಬಿಡಿಸಿದ್ದ ತೂತನ್ನು ಕೆಲಸದವರು ಚೆಂದ ಕಾಣಲಿ ಅಂತ ಮುಚ್ಚಿಬಿಟ್ಟಿದ್ದರು. ಆಂಪ್ ಅರ್ಧ ಗಂಟೆಗೊಮ್ಮೆ ಬಂದ್ ಆಗುತ್ತಿತ್ತು. ಮುಟ್ಟಿ ನೋಡಿದಾಗ ಕೈ ಇಡಲಾಗದಷ್ಟು ಬಿಸಿ. ಅಂದಿನಿಂದ ಈ ವಿಷಯದಲ್ಲಿ ನಾನು ಹೆಚ್ಚೇ ಹುಷಾರು. ಮೇಲೆ ಕನಿಷ್ಠ 10 ಸೆಂಟಿಮೀಟರ್ ಜಾಗ ಬಿಡಿ. ತಳದಲ್ಲಿ ಗಾಳಿ ಒಳಬರಲು ಒಂದು ದಾರಿ, ಹಿಂದೆ ಮೇಲ್ಗಡೆ ಹೊರಹೋಗಲು ಇನ್ನೊಂದು. ಕ್ಲಾಸ್ ಡಿ ಎಂಬ ಬಗೆಯ ಆಂಪ್ ಕಡಿಮೆ ಬಿಸಿಯಾಗುತ್ತದೆ, ಹಾಗಂತ ಅದನ್ನೂ ಉಸಿರುಗಟ್ಟಿಸಬೇಡಿ.

ಪ್ರಶ್ನೆ: ಕಪಾಟಿನೊಳಗೆ ಮೊಟ್ಟೆ ಟ್ರೇ ಅಂಟಿಸಿದರೆ ಬೇಸ್ ನಿಲ್ಲುತ್ತದಾ?

ಇಲ್ಲ.

ಪ್ರಶ್ನೆ: ವೈರ್‌ಲೆಸ್ ಸ್ಪೀಕರ್ ತಂದರೆ ವೈರ್ ಗೊಡವೆಯೇ ಇಲ್ಲವಲ್ಲ?

ಅದಕ್ಕೆ ಕರೆಂಟ್ ಬೇಡವಾ? ಬ್ಯಾಟರಿ ಇಲ್ಲದಿದ್ದರೆ ಒಂದೊಂದಕ್ಕೂ ಒಂದು ಪ್ಲಗ್ ಬೇಕು.

ಪ್ರಶ್ನೆ: ಸಬ್‌ವೂಫರ್ (ಬರೀ ಬೇಸ್ ಕೊಡುವ ಸ್ಪೀಕರ್) ಸೋಫಾ ಹಿಂದೆ ಇಡಬಹುದಾ?

ಇಡಬಹುದು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ. ಆದರೆ ಮುಂದಿನ ಸ್ಪೀಕರ್ ತೀರಾ ಚಿಕ್ಕದಾಗಿ, ಸಬ್‌ವೂಫರನ್ನು 150 ಹರ್ಟ್ಸ್‌ವರೆಗೆ ದುಡಿಸಿದರೆ ಮಾತಿನ ತುಣುಕು ಬೆನ್ನ ಹಿಂದಿನಿಂದ ಬರುತ್ತದೆ. ಜಾಗ ಗೊತ್ತು ಮಾಡಲು ಮೊದಲು ಸಬ್‌ವೂಫರನ್ನೇ ನೀವು ಕೂರುವ ಜಾಗದಲ್ಲಿಟ್ಟು ಬೇಸ್ ಇರುವ ಹಾಡು ಹಾಕಿ. ನೀವು ಅದನ್ನು ಇಡಬಹುದಾದ ಮೂಲೆ, ಸಂದಿಗಳಲ್ಲಿ ಕಿವಿ ನೆಲಕ್ಕೆ ಹತ್ತಿರ ತಂದು ಕೇಳುತ್ತಾ ಹೋಗಿ. ಎಲ್ಲಿ ಬೇಸ್ ಒಂದೇ ಸಮನಾಗಿ, ಸ್ವರ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಆ ಜಾಗ ಖಚಿತವಾದ ಮೇಲೆಯೇ ಎಲೆಕ್ಟ್ರಿಷಿಯನ್‌ಗೆ ಪ್ಲಗ್ ಪಾಯಿಂಟ್ ತೋರಿಸಿ.