ರಕ್ತದ ದೋಷ ಎಂಬ ಮಾತು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮಂಡ್ಯ ಜಿಲ್ಲೆಯ ಹಳ್ಳಿಯೊಂದರಿಂದ ಬಂದ, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಈ ತಾಯಿಯ ಮೊದಲ ಮಗ ಹದಿಮೂರನೆಯ ವಯಸ್ಸಿನಲ್ಲಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನಿಗೆ ಥಲಸ್ಸೇಮಿಯಾ (ದೇಹದಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ತಯಾರಾಗದ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇರುವುದು ಎಂಟನೆಯ ತಿಂಗಳಲ್ಲೇ ಗೊತ್ತಾಗಿತ್ತು. ಅಂದಿನಿಂದ ಮೂರು ವಾರಕ್ಕೊಮ್ಮೆ ಮೈಸೂರಿನ ಬಸ್ಸು ಹತ್ತಿ ರಕ್ತ ಹಾಕಿಸಿಕೊಂಡು ಬರುವುದೇ ಆ ಮನೆಯ ಪಂಚಾಂಗ; ಆ ದಿನ ತಾಯಿಗೆ ಸಂಬಳವಿಲ್ಲ, ಹಾಜರಿ ಬೋನಸ್ಸೂ ಇಲ್ಲ.

ಬಹಳ ಹೊತ್ತು ಸುಮ್ಮನಿದ್ದು ಆಕೆ ಕೇಳಿದ್ದು ಒಂದೇ: "ನಾನೇ ನನ್ ಮಗನ್ನ ಸಾಯಿಸ್ಬುಟ್ನಾ ಮೇಡಂ?"

ಅದರೊಳಗೆ ಎರಡು ಪ್ರಶ್ನೆಗಳಿದ್ದವು. ಒಂದು, ಅತ್ತೆ ಆಡಿದ ಮಾತು. ಗಂಡ ಆಕೆಯ ಸ್ವಂತ ಸೋದರಮಾವ. ಹಾಗಾಗಿ ಅತ್ತೆಯೆಂದರೆ ಆಕೆಯ ತಾಯಿಯ ತಾಯಿಯೇ. ಆ ಅಜ್ಜಿ ತಿಥಿಯ ದಿನ ನೆಂಟರೆದುರು "ನಿನ್ ರಕ್ತುದ್ ದೋಸ" ಎಂದುಬಿಟ್ಟಿದ್ದರು. ಎರಡನೆಯದು, ಆಲೆಮನೆಯ ಕೂಲಿಯಾದ ಗಂಡನಿಗೆ ಕೆಲಸವಿಲ್ಲದಿದ್ದ ಮೂರು ತಿಂಗಳು, ಕಬ್ಬಿಣಾಂಶ ಇಳಿಸುವ ಮಾತ್ರೆಯನ್ನು ಆಕೆ ದಿನ ಬಿಟ್ಟು ದಿನ ಕೊಟ್ಟಿದ್ದರು. ಅದನ್ನು ಗಂಡನಿಗಾಗಲಿ ವೈದ್ಯರಿಗಾಗಲಿ ಹೇಳಿರಲಿಲ್ಲ.

"ನಿಮ್ಮ ತಪ್ಪೇನೂ ಇಲ್ಲ" ಎನ್ನುವುದು ಸುಲಭ. ಆದರೆ ಮುಚ್ಚಿಟ್ಟದ್ದನ್ನು ಈಗಷ್ಟೇ ಬಿಚ್ಚಿದವರಿಗೆ ಅದು ಬಾಯಿ ಮುಚ್ಚಿಸಿದಂತೆಯೂ ಕೇಳಿಸೀತು. ಆದ್ದರಿಂದ ಲೆಕ್ಕವನ್ನೇ ಮುಂದಿಟ್ಟೆ. ಒಂದು ಯೂನಿಟ್ ರಕ್ತದೊಂದಿಗೆ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣಾಂಶ ಒಳಸೇರುತ್ತದೆ. ಅಷ್ಟನ್ನು ಹೊರಹಾಕುವ ದಾರಿ ದೇಹಕ್ಕಿಲ್ಲದ್ದರಿಂದ ಅದು ವರ್ಷಗಟ್ಟಲೆ ಯಕೃತ್ತಿನಲ್ಲಿ, ಹೃದಯದಲ್ಲಿ ಕೂರುತ್ತದೆ. ಮಾತ್ರೆ ಮುಖ್ಯವೆಂಬುದನ್ನು ಅಲ್ಲಗಳೆಯಲಿಲ್ಲ. ಹನ್ನೆರಡು ವರ್ಷಗಳಿಂದ ಕೂಡಿಕೊಂಡದ್ದನ್ನು ಮೂರು ತಿಂಗಳ ತಲೆಗೆ ಕಟ್ಟಲಾಗದು ಎಂದೆ. ಆಕೆ ಅತ್ತರು. ಸಮಾಧಾನಪಡಿಸಲು ನಾನು ಅವಸರಿಸಲಿಲ್ಲ.

ಮುಂದಿನ ಭೇಟಿಗೆ ಗಂಡನನ್ನೂ ಅಜ್ಜಿಯನ್ನೂ ಕರೆಸಿ, ತಂದೆ ತಾಯಿ ಇಬ್ಬರೂ ವಾಹಕರಾಗಿದ್ದಾಗ (ತಮಗೆ ಕಾಯಿಲೆಯಿಲ್ಲದೆ ಅದರ ಜೀನನ್ನಷ್ಟೇ ಹೊತ್ತಿದ್ದಾಗ) ಮಾತ್ರ ಈ ಕಾಯಿಲೆ ಮಗುವಿಗೆ ಬರುತ್ತದೆ, ಒಬ್ಬರ ರಕ್ತದಿಂದಷ್ಟೇ ಬರುವುದಿಲ್ಲ, ಒಳಸಂಬಂಧದಲ್ಲಿ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಹೆಚ್ಚು ಎಂದು ವಿವರಿಸಿದೆ. ಅದು ಅಜ್ಜಿಯಿಂದಲೇ ಇಳಿದು ಬಂದಿರಬಹುದೆಂಬುದನ್ನು ಬೇಕೆಂದೇ ಆಡಲಿಲ್ಲ. ಮೊಮ್ಮಗಳ ತಲೆಯ ಹೊರೆಯನ್ನು ಮುದುಕಿಯ ತಲೆಗೆ ಹೊರಿಸಿದರೆ ಆ ಮನೆಗೆ ಏನು ಸಿಕ್ಕೀತು?

ಎಂಟು ವರ್ಷದ ಮಗಳಿಗೆ ಕಾಯಿಲೆಯಿಲ್ಲ, ಆದರೆ ಅವಳು ವಾಹಕಳಾಗಿರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ವಾಹಕಳೋ ಅಲ್ಲವೋ ಎಂದು ತಿಳಿಸುವ ಎಚ್‌ಬಿಎ2 ರಕ್ತಪರೀಕ್ಷೆ ಮಾಡಿಸಿ ಚೀಟಿಯನ್ನು ಜೋಪಾನವಾಗಿಡಿ, ವಾಹಕರು ರೋಗಿಗಳಲ್ಲವೆಂದು ಅವಳಿಗೆ ಹೇಳಿಯೇ ಬೆಳೆಸಿ, ಮುಂದೆ ಮದುವೆಗೆ ಮೊದಲು ಹುಡುಗನಿಗೂ ಪರೀಕ್ಷೆಯಾಗಲಿ ಎಂದು ಸಲಹೆ ಕೊಟ್ಟೆ. ಇನ್ನೊಂದು ಗಂಡುಮಗು ಬೇಕೆಂಬ ಆಸೆ ಗಂಡನಿಗಿತ್ತು. ಪ್ರತಿ ಬಸಿರಿನಲ್ಲೂ ಅಪಾಯ ನಾಲ್ಕರಲ್ಲಿ ಒಂದು ಪಾಲು, ಒಂದು ಮಗುವಿಗೆ ಬಂತೆಂದು ಮುಂದಿನವಕ್ಕೆ ತಪ್ಪುವುದಿಲ್ಲ, ಬಸಿರಾದರೆ 10ರಿಂದ 12ನೆಯ ವಾರದೊಳಗೆ ಭ್ರೂಣಕ್ಕೆ ಈ ಕಾಯಿಲೆ ಇದೆಯೇ ಎಂಬ ಪರೀಕ್ಷೆಗೆ ವೈದ್ಯರನ್ನು ಕಾಣಬೇಕು ಎಂದೂ ತಿಳಿಸಿದೆ.

ಮಾತ್ರೆಯ ಸಂಗತಿಯನ್ನು ಗಂಡನಿಗೆ ಹೇಳುವುದೋ ಬೇಡವೋ ಎಂಬುದನ್ನು ಆಕೆಗೇ ಬಿಟ್ಟಿದ್ದೇನೆ. ಮೂರನೆಯ ಭೇಟಿಯವರೆಗೂ ಆಕೆ ಹೇಳಿರಲಿಲ್ಲ.