ಜವಾನರ ಭಾಷೆ ಕಲಿತ ಸಾಹೇಬರು

ಓದುಗರ ಪತ್ರ: "ಸೈನ್ಯದಲ್ಲಿ ಇನ್ನೂ ಮದ್ರಾಸ್, ಮರಾಠಾ, ಸಿಖ್ ಅಂತ ರೆಜಿಮೆಂಟ್ ಯಾಕೆ? ಎಲ್ಲರನ್ನೂ ಬೆರೆಸಿ, ಹಿಂದಿ ಒಂದೇ ಇಟ್ಟರೆ ಒಗ್ಗಟ್ಟು ತಾನಾಗಿ ಬರುತ್ತದೆ." – ನಿವೃತ್ತ ಶಿಕ್ಷಕರು, ಹಾಸನ

ಸಂಪಾದಕರ ಉತ್ತರ: ಮೇಷ್ಟ್ರೇ, ಬೆರೆಸುವ ಮಾತಿಗೆ ನನ್ನ ತಕರಾರಿಲ್ಲ. ನಮ್ಮ ಕೊಡಗಿನ ಕಾರ್ಯಪ್ಪನವರು 1949ರಲ್ಲಿ ಗಾರ್ಡ್ಸ್ ಅನ್ನುವ ರೆಜಿಮೆಂಟ್ ಕಟ್ಟಿದಾಗ ಎಲ್ಲ ಪ್ರಾಂತ್ಯದವರನ್ನೂ ಒಟ್ಟಿಗೆ ತಂದರು. ಅದು ಚೆನ್ನಾಗಿಯೇ ನಡೆದಿದೆ. ಆದರೆ ಭಾಷೆ ಒಂದಾದರೆ ಮನಸ್ಸೂ ಒಂದಾಗುತ್ತದೆ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಮದ್ರಾಸ್ ರೆಜಿಮೆಂಟನ್ನೇ ನೋಡಿ. ಕನ್ನಡ, ತಮಿಳು, ತೆಲುಗು, ಮಲಯಾಳ ನಾಲ್ಕೂ ಅಲ್ಲಿವೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದಲ್ಲಿದ್ದ ಆ ರೆಜಿಮೆಂಟಿನ ಪೋಸ್ಟಿನ ಮೇಲೆ ಹಿಮ ಕುಸಿಯಿತು. ಹಿಮದ ಕೆಳಗೆ ಸಿಕ್ಕಿಕೊಂಡದ್ದು ಹತ್ತು ಜನ. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಜೊತೆ ತಮಿಳುನಾಡಿನವರಿದ್ದರು, ಕೇರಳ, ಆಂಧ್ರ, ಮಹಾರಾಷ್ಟ್ರದವರೂ ಇದ್ದರು. ಯಾರೂ ಉಳಿದಿಲ್ಲ ಅಂತ ಸುದ್ದಿ ಬಂದ ಮೇಲೂ ಜೊತೆಯವರು ಅಗೆಯುವುದು ಬಿಡಲಿಲ್ಲ. ಆರು ದಿನದ ನಂತರ, 25 ಅಡಿ ಕೆಳಗೆ, ಹನುಮಂತಪ್ಪ ಉಸಿರಾಡುತ್ತಿದ್ದರು. ಕೊನೆಗೂ ಅವರು ನಮಗೆ ಉಳಿಯಲಿಲ್ಲ, ಆ ಸಂಕಟ ಈಗಲೂ ಹೋಗಿಲ್ಲ.

ಇಂಥ ನಂಟು ದಿನದಿನದ ಊಟದಲ್ಲಿ, ಮಾತಿನಲ್ಲಿ ಬೆಳೆಯುತ್ತದೆ. ಜವಾನರ ಭಾಷೆ ಕಲಿಯುವುದು ಅಧಿಕಾರಿಯ ಕೆಲಸ ಅನ್ನುವುದು ನಮ್ಮ ಸೈನ್ಯದ ಹಳೆಯ ರೂಢಿ. ತನ್ನ ಧರ್ಮ ಯಾವುದೇ ಇರಲಿ, ಜವಾನರ ಪೂಜೆಗೆ ಅವನೂ ಬಂದು ನಿಲ್ಲುತ್ತಾನೆ. ನಮ್ಮ ಚಿಕ್ಕಪ್ಪ ಬೆಂಗಳೂರಿನ ಎಂಇಜಿಯಲ್ಲಿದ್ದರು, ಅಂದರೆ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ. ಅವರ ಕ್ಯಾಪ್ಟನ್ ಪಂಜಾಬಿನವರು, ಕಿಸೆಯಲ್ಲಿ ಸದಾ ಒಂದು ಸಣ್ಣ ನೋಟ್‌ಬುಕ್ಕು, ಅದರ ತುಂಬ ತಮಿಳು, ಕನ್ನಡ ಪದಗಳು. ಅಧಿಕಾರಿಗಳೂ ಜವಾನರೂ ಒಟ್ಟಿಗೆ ಉಣ್ಣುವ ಬಡಾ ಖಾನಾ ದಿನ ಸಾರಿನ ಬಕೆಟ್ ಹಿಡಿದು ಪಂಕ್ತಿಯಲ್ಲಿ ಬಂದವರು ಚಿಕ್ಕಪ್ಪನ ಮುಂದೆ ನಿಂತು "ಅಮ್ಮನ ಕಾಲುನೋವು ಹೇಗಿದೆ?" ಅಂತ ಕನ್ನಡದಲ್ಲೇ ಕೇಳಿದರಂತೆ. ಅದನ್ನು ಹೇಳುವಾಗೆಲ್ಲ ಚಿಕ್ಕಪ್ಪನ ಗಂಟಲು ಕಟ್ಟುತ್ತಿತ್ತು.

ನೀವು ಹಳ್ಳಿ ಮಕ್ಕಳಿಗೆ ಪಾಠ ಹೇಳಿದವರು. ಅವರ ಮನೆಮಾತಿನಲ್ಲಿ ಎರಡು ಮಾತಾಡಿದರೆ ಮಗು ಹೇಗೆ ಹತ್ತಿರ ಬರುತ್ತದೆ ಅಂತ ನನಗಿಂತ ಜಾಸ್ತಿ ನಿಮಗೇ ಗೊತ್ತು, ಅಲ್ವಾ? ಹಾಗಿದ್ದೂ ಹೀಗೆ ಬರೆದಿರಲ್ಲ, ಬೇಜಾರಾಯಿತು.

ಗುಂಡಿನ ಎದುರು ನಿಲ್ಲುವ ಅಧಿಕಾರಿಗೆ ಭಾಷೆ ಕಲಿಯಲು ಪುರುಸೊತ್ತಿದೆ. ನಮ್ಮೂರಿನ ಕಚೇರಿಗಳಲ್ಲಿ ಕೂತವರಿಗೆ ಇಲ್ಲ. ಹೋದ ತಿಂಗಳು ಒಂದು ಬ್ಯಾಂಕಿನಲ್ಲಿದ್ದೆ. ಪಿಂಚಣಿ ಯಾಕೆ ಬಂದಿಲ್ಲ ಅಂತ ಕೇಳಲು ಒಬ್ಬ ಅಜ್ಜಿ ಬಂದಿದ್ದರು. ಕೌಂಟರಿನವರು ಬಂದು ಮೂರು ವರ್ಷವಾಗಿದೆಯಂತೆ, ಒಂದಕ್ಷರ ಕನ್ನಡ ಬರುವುದಿಲ್ಲ. ಹಿಂದಿಯಲ್ಲಿ ಏನೋ ಹೇಳಿ ಪಾಸ್‌ಬುಕ್ ವಾಪಸ್ ತಳ್ಳಿದರು. ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಕಡೆ ತಿರುಗಿ "ಏನಂದ್ರು ಕಣಪ್ಪಾ?" ಅಂತ ಕೇಳಿದರು.